ಹಳೆಯ ಟೈರ್ ಎಲ್ಲಿಗೆ ಹೋಯಿತು ಎಂದಷ್ಟೇ ಕೇಳಬೇಡಿ

ಮಾನ್ಯ ಪರಿಸರ ಸಚಿವರೇ,

ಟೈರ್ ಮಾಲಿನ್ಯದ ಮಾತು ಬಂದಾಗಲೆಲ್ಲ ನಿಮ್ಮ ಇಲಾಖೆಯ ಕಣ್ಣು ಬೀಳುವುದು ಸವೆದ ಟೈರುಗಳ ರಾಶಿಯ ಮೇಲೆ. ರಾಶಿ ಅಪಾಯಕಾರಿಯೇ, ತಕರಾರಿಲ್ಲ. ಕೆನಡಾದ ಹೇಗರ್ಸ್‌ವಿಲ್‌ನಲ್ಲಿ 1990ರಲ್ಲಿ ಒಂದು ಕೋಟಿಗೂ ಹೆಚ್ಚು ಟೈರುಗಳಿದ್ದ ದಾಸ್ತಾನಿಗೆ ಬೆಂಕಿ ಬಿದ್ದು, ಆರಿಸಲು 17 ದಿನ ಹಿಡಿಯಿತು. ನೀರಿಗೆ ಹಾಕಿದವರೂ ಗೆದ್ದಿಲ್ಲ. 1970ರ ದಶಕದಲ್ಲಿ ಫ್ಲಾರಿಡಾದವರು ಮೀನುಗಳಿಗೆ ನೆಲೆಯಾಗಲೆಂದು ಕಡಲತಳಕ್ಕೆ ಸುಮಾರು 20 ಲಕ್ಷ ಟೈರುಗಳನ್ನು ಇಳಿಸಿದರು. ಕಟ್ಟುಗಳು ತುಕ್ಕು ಹಿಡಿದು ಬಿಚ್ಚಿದವು. ಅಲೆಗೆ ಹೊರಳಾಡಿದ ಟೈರುಗಳು ಪಕ್ಕದ ಹವಳದಿಬ್ಬಕ್ಕೇ ಪೆಟ್ಟು ಕೊಟ್ಟವು.

ಆದರೆ ರಾಶಿ ಸೇರುವ ಹೊತ್ತಿಗೆ ಟೈರ್ ಪೂರ್ತಿಯಾಗಿ ಉಳಿದಿರುವುದಿಲ್ಲ. ನುಣ್ಣಗಾದ ಹಳೆಯದನ್ನು ಹೊಸದರ ಪಕ್ಕದಲ್ಲಿಟ್ಟು ನೋಡಿ: ಆ ಕಚ್ಚುಗಳು ಎಲ್ಲಿ ಹೋದವು? ಪ್ರತಿ ತಿರುವಿನಲ್ಲಿ, ಪ್ರತಿ ಬ್ರೇಕಿಗೆ ಪುಡಿಯಾಗಿ ರಸ್ತೆಗೆ ಉದುರಿದವು. ಮಳೆ ಅದನ್ನು ಚರಂಡಿಗೆ, ಚರಂಡಿ ಹೊಳೆಗೆ ಒಯ್ದಿತು. ಅಮೆರಿಕದ ವಾಯವ್ಯ ಕರಾವಳಿಯ ತೊರೆಗಳಲ್ಲಿ ಮಳೆ ಸುರಿದ ಬೆನ್ನಿಗೇ ಕೋಹೋ ಸಾಲ್ಮನ್ ಮೀನುಗಳು ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದವು. ಕಾರಣ ಪತ್ತೆಯಾದದ್ದು 2020ರಲ್ಲಿ. ಓಝೋನ್ ತಗುಲಿ ರಬ್ಬರ್ ಬಿರುಕು ಬಿಡದಿರಲೆಂದು ಟೈರಿಗೆ 6ಪಿಪಿಡಿ ಎಂಬ ರಾಸಾಯನಿಕವನ್ನು ಬೆರೆಸುತ್ತಾರೆ. ಅದೇ ಓಝೋನ್ ಜೊತೆ ಸೇರಿ ಮೀನಿನ ಪಾಲಿಗೆ ವಿಷವಾಗುತ್ತದೆ. ಕಾವಲಿಗೆ ಇಟ್ಟದ್ದೇ ಕೊಲೆಗಾರ! ವಿದ್ಯುತ್ ವಾಹನಗಳಿಂದ ಹೊಗೆ ನಿಂತೀತು. ಆದರೆ ಬ್ಯಾಟರಿಯಿಂದಾಗಿ ಅವುಗಳ ಭಾರ ಹೆಚ್ಚು, ಭಾರ ಹೆಚ್ಚಿದಷ್ಟೂ ಈ ಪುಡಿ ಹೆಚ್ಚುತ್ತದೆ.

ಮರುಬಳಕೆ ಮಾಡುತ್ತೇವಲ್ಲ ಎನ್ನುತ್ತೀರಿ. ಸುಟ್ಟ ಮಡಕೆ ಮತ್ತೆ ಹಸಿಮಣ್ಣಾಗುವುದಿಲ್ಲ. ಗಂಧಕ ಬೆರೆಸಿ ಕಾಯಿಸಿದ ರಬ್ಬರಿನ ಪಾಡೂ ಹೆಚ್ಚುಕಡಿಮೆ ಅದೇ. ಆದ್ದರಿಂದಲೇ ಹಳೆಯ ಟೈರಿನಿಂದ ಹೊಸ ಟೈರ್ ಹುಟ್ಟುವುದು ಅಪರೂಪ. ಅದು ಸಿಮೆಂಟ್ ಗೂಡಿಗೆ ಉರುವಲಾಗುತ್ತದೆ, ಇಲ್ಲವೇ ಪುಡಿಯಾಗುತ್ತದೆ, ಇಲ್ಲವೇ ಅದನ್ನು ಬೇಯಿಸಿ ಎಣ್ಣೆ ತೆಗೆಯುತ್ತಾರೆ. ಹೊಸದಕ್ಕೆ ಮತ್ತೆ ಪೆಟ್ರೋಲಿಯಂ, ಮತ್ತೆ ಕಾಡು ಕಡಿದು ಬೆಳೆಸಿದ ರಬ್ಬರ್ ತೋಟ. ಉರುವಲನ್ನು ಮರುಬಳಕೆಯ ಲೆಕ್ಕಕ್ಕೆ ಸೇರಿಸುವುದನ್ನು ದಯವಿಟ್ಟು ನಿಲ್ಲಿಸಿ.

ನಾನು ಕೇಳುವುದು ಕಾರ್ಖಾನೆಯ ಬಾಗಿಲಲ್ಲೇ ಲೆಕ್ಕ ಕೇಳಿ ಎಂದು. ಟೈರಿನಲ್ಲಿ ಏನೇನು ಬೆರೆಸಿದ್ದಾರೆ ಎಂಬುದು ವ್ಯಾಪಾರದ ಗುಟ್ಟಾಗಿ ಉಳಿಯಬಾರದು. ಕಿಲೋಮೀಟರಿಗೆ ಎಷ್ಟು ಸವೆಯಬಹುದು ಎಂಬುದಕ್ಕೆ ಮಿತಿ ಬೇಕು. ಐರೋಪ್ಯ ಒಕ್ಕೂಟ 2024ರಲ್ಲಿ ಒಪ್ಪಿದ ಯೂರೋ 7 ನಿಯಮದಲ್ಲಿ ಅಂಥದ್ದೊಂದು ಮಿತಿ ಇದೆ, ಆದ್ದರಿಂದ ಅಸಾಧ್ಯ ಎನ್ನುವಂತಿಲ್ಲ. ಲಾರಿ, ಬಸ್ಸುಗಳ ಟೈರಿಗೆ ಹೊಸ ಪಟ್ಟಿ ಹಚ್ಚಿ ಮತ್ತೆ ಓಡಿಸುವ ಹಳೆಯ ಕಸುಬಿಗೂ ಸರ್ಕಾರಿ ಖರೀದಿಯಲ್ಲಿ ಮೊದಲ ಮಣೆ ಹಾಕಿ.

ಇವುಗಳಲ್ಲಿ ಯಾವುದು ನಿಮ್ಮ ಮುಂದಿನ ಕರಡಿನಲ್ಲಿ ಇರುತ್ತದೆ, ಯಾವುದು ಇರುವುದಿಲ್ಲ, ಏಕೆ ಎಂದು ತಿಳಿಸಿ.

ಇಂತಿ,
ಹೊಳೆಯ ನೀರು ಕುಡಿಯುವ ಒಬ್ಬ ವಾಹನ ಸವಾರ