ಕೊನೆಯ ಪುಟದ ಚಾಕು ತೆಗೆದುಬಿಡು

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ. ಸ್ಕಿಜೋಫ್ರೀನಿಯಾ ಅನ್ನುವ ಮಾನಸಿಕ ಕಾಯಿಲೆ ಇರುವ ಹುಡುಗ ಕೊನೆಯ ಪುಟದಲ್ಲಿ ಚಾಕು ಹಿಡಿಯುತ್ತಾನಲ್ಲ, ದಯವಿಟ್ಟು ಅದನ್ನು ತೆಗೆದುಬಿಡು. ಈ ಕಾಯಿಲೆ ಇರುವ ಹೆಚ್ಚಿನವರು ಯಾರ ಮೇಲೂ ಕೈ ಮಾಡುವುದಿಲ್ಲ. ಬೇರೆಯವರಿಂದ ಏಟು ತಿನ್ನುವವರೇ ಜಾಸ್ತಿ. ಜನರಿಗೆ ಈಗಾಗಲೇ ಇರುವ ಭಯ ಸಾಕು, ಅಲ್ವಾ?

ಸೈಕೋಸಿಸ್, ಸ್ಕಿಜೋಫ್ರೀನಿಯಾ ಎರಡೂ ಒಂದೇ ಎಂಬಂತೆ ಬರೆದಿದ್ದೀಯ. ಸೈಕೋಸಿಸ್ ಅಂದರೆ ಯಾವುದು ನಿಜ, ಯಾವುದು ಅಲ್ಲ ಅನ್ನುವ ಹಿಡಿತ ತಪ್ಪುವ ಸ್ಥಿತಿ. ತೀವ್ರ ಖಿನ್ನತೆಯಲ್ಲಿ, ಅತಿ ಉತ್ಸಾಹಕ್ಕೂ ಖಿನ್ನತೆಗೂ ಮನಸ್ಸು ಜೀಕುವ ಬೈಪೋಲಾರ್ ಕಾಯಿಲೆಯಲ್ಲಿ, ಮಾದಕ ವಸ್ತುಗಳಿಂದ, ಕೆಲವರಿಗೆ ಹೆರಿಗೆಯಾದ ಮೇಲೂ ಬರಬಹುದು. ಒಮ್ಮೆ ಬಂದು ಹೋಗುವುದೂ ಉಂಟು. ಸ್ಕಿಜೋಫ್ರೀನಿಯಾ ಅದರ ಕಾರಣಗಳಲ್ಲಿ ಒಂದು. ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಅದು ಇದೆ.

ನಿನ್ನ ಹುಡುಗ ಒಂದೇ ರಾತ್ರಿಯಲ್ಲಿ ಬದಲಾಗುತ್ತಾನೆ. ಸಾಮಾನ್ಯವಾಗಿ ಇದು ಮೆಲ್ಲಗೆ ಶುರುವಾಗುತ್ತದೆ, ಹದಿಹರೆಯದ ಕೊನೆಗೋ ಇಪ್ಪತ್ತರ ಆಸುಪಾಸಿನಲ್ಲೋ. ನಿದ್ದೆ ಕೆಡುತ್ತದೆ. ಸ್ನಾನ ತಪ್ಪುತ್ತದೆ. ಗೆಳೆಯರ ಫೋನ್ ಎತ್ತುವುದಿಲ್ಲ. ಮನೆಯವರು ಸೋಮಾರಿ ಅಂತ ಬೈಯುತ್ತಾರೆ. ನಿನ್ನ ಕಥೆ ಇರುವುದು ಇಲ್ಲೇ. ಅವನಿಗಷ್ಟೇ ಕೇಳಿಸುವ ಧ್ವನಿಗಳು ಔಷಧಿಯಿಂದ ತಗ್ಗಿದರೂ ಹೀಗೆ ಬತ್ತಿದ ಆಸಕ್ತಿ ಅಷ್ಟು ಸುಲಭಕ್ಕೆ ಮರಳುವುದಿಲ್ಲ.

ಇನ್ನು ಆ ಧ್ವನಿಗಳು. ಸುಮ್ನೆ ‘ಭ್ರಮೆ’ ಅಂತ ಬರೆದು ಮುಗಿಸಬೇಡ. ಅವನಿಗೆ ಅವು ನಿನ್ನ ಮಾತಿನಷ್ಟೇ ನಿಜ. ಅವನು ಲೋಟ ಎತ್ತುತ್ತಾನೆ. “ನೋಡು, ಲೋಟ ಎತ್ತಿದ” ಅನ್ನುತ್ತದೆ ಒಂದು ಧ್ವನಿ. “ಕುಡಿಯಲ್ಲ ಬಿಡು, ಹೆದರುಪುಕ್ಕಲ” ಅನ್ನುತ್ತದೆ ಇನ್ನೊಂದು. ಅವನೆದುರೇ ಅವನ ಬಗ್ಗೆ ಮಾತು, ದಿನವಿಡೀ. ಅದರ ನಡುವೆ ಅವನ ಅಕ್ಕ “ಊಟ ಮಾಡ್ತೀಯಾ?” ಅಂದರೆ ಉತ್ತರ ತಡವಾಗುತ್ತದೆ. ಆ ತಡವನ್ನು ಬರೆ. ಅಕ್ಕ ವಾದ ಮಾಡಿ ಗೆಲ್ಲಲಾರಳು. ಹೂಂಗುಟ್ಟುವುದೂ ಸರಿಯಲ್ಲ. “ನನಗೆ ಕೇಳಿಸ್ತಿಲ್ಲ ಕಣೋ, ಆದ್ರೆ ನಿನಗೆ ಭಯ ಆಗ್ತಿರೋದು ಗೊತ್ತಾಗ್ತಿದೆ” ಅನ್ನಲಿ.

1952ರಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದಾಗಿನಿಂದ ಔಷಧಿಗಳಿವೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಆದರೆ ಮಾತ್ರೆ ಬಿಟ್ಟವನನ್ನು ಹಟಮಾರಿ ಮಾಡಬೇಡ. ತೂಕ ಏರಬಹುದು, ಮಂಪರು ಕವಿಯಬಹುದು, ಕೈ ನಡುಗಬಹುದು. ಎಷ್ಟೋ ಜನರಿಗೆ ತಮಗೆ ಕಾಯಿಲೆ ಇದೆ ಅಂತಲೇ ಅನ್ನಿಸುವುದಿಲ್ಲ. ಅದೂ ಕಾಯಿಲೆಯದೇ ಭಾಗ.

ತಿದ್ದಿದ ಮೇಲೆ, ಈ ಕಾಯಿಲೆಯ ಜೊತೆ ಬದುಕುತ್ತಿರುವ ಯಾರಾದರೂ ಒಪ್ಪಿದರೆ ಮೊದಲು ಅವರಿಗೆ ಓದಲು ಕೊಡು. ಆಮೇಲೆ ನನಗೆ ಕಳಿಸು.

ಪ್ರೀತಿಯಿಂದ,
ನಿನ್ನ ಅಕ್ಕ