ಬೆಟ್ಟದ ಸೈಕಲ್‌ಗೆ ಒಂದು ಸುತ್ತುದಾರಿ ಕೊಡಿ

ಮಾನ್ಯ ಸಂಪಾದಕರೇ,

ಶನಿವಾರ, ಭಾನುವಾರ ಬಂತೆಂದರೆ ಚಿಕ್ಕಬಳ್ಳಾಪುರದ ಸುತ್ತಮುತ್ತ ಅಗಲ ಟಯರಿನ ಗೇರ್ ಸೈಕಲ್‌ಗಳು ಓಡಾಡುತ್ತವೆ. ಹೆಚ್ಚಿನವರು ನಂದಿಯ ಡಾಂಬರು ರಸ್ತೆ ಹಿಡಿದು ಕಾರು, ಬೈಕುಗಳ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಕೆಲವರು ಯಾವುದೋ ಬೆಟ್ಟದ ಕಾಲುದಾರಿಯಲ್ಲಿ ಸೈಕಲ್ ಹೊತ್ತು ಹತ್ತಿ, ಹಿಂದಿನ ಚಕ್ರ ಬಿಗಿಹಿಡಿದು ಜಾರುತ್ತಲೇ ಇಳಿಯುತ್ತಾರೆ. ಎರಡೂ ದಂಡ. ಬೆಟ್ಟದ ಬುಡದಲ್ಲಿ ನಾಲ್ಕೈದು ಕಿಲೊಮೀಟರಿನ ಒಂದು ಸುತ್ತುದಾರಿ ಇದ್ದು, ಗೆಳೆಯರೆಲ್ಲ ಸೇರಿ ಅದನ್ನೇ ಮತ್ತೆ ಮತ್ತೆ ಸುತ್ತಿದರೆ ಸವಾರರಿಗೂ ಬೆಟ್ಟಕ್ಕೂ ಒಳ್ಳೆಯದು. ಅಂಥ ಒಂದು ದಾರಿಯನ್ನು ಜಿಲ್ಲಾಡಳಿತ ಗುರುತಿಸಿಕೊಡಲಿ ಎಂದು ಕೇಳಲು ಈ ಪತ್ರ.

ಇದು ಹುಡುಗರ ಹುಚ್ಚು ಎನ್ನುವವರಿಗೆ ಒಂದು ಮಾತು. ಬೆಟ್ಟದ ಸೈಕಲ್ ಓಟ 1996ರ ಅಟ್ಲಾಂಟಾ ಕೂಟದಿಂದ ಒಲಿಂಪಿಕ್ಸ್‌ನಲ್ಲಿದೆ. ಅದು ಸುತ್ತು ಹೊಡೆಯುವ ಸ್ಪರ್ಧೆಯೇ. ಒಂದು ಸುತ್ತು ಸಾಮಾನ್ಯವಾಗಿ 4ರಿಂದ 6 ಕಿ.ಮೀ. ಇರುತ್ತದೆ. 2024ರಲ್ಲಿ ಪ್ಯಾರಿಸ್ ಬಳಿಯ ಎಲಾಂಕೂರ್ ಗುಡ್ಡದಲ್ಲಿ ನಡೆದ ಓಟದ ಸುತ್ತು 4.4 ಕಿ.ಮೀ. ಆ ಗುಡ್ಡದ ಎತ್ತರ ಬರೀ 231 ಮೀಟರ್, ನಮ್ಮ ನಂದಿ 1,478. ಅದು ಹಿಂದೆ ಕಲ್ಲು ತೆಗೆಯುತ್ತಿದ್ದ ಜಾಗ, ಆಮೇಲೆ ತ್ಯಾಜ್ಯ ಸುರಿದು ತುಂಬಿದ ಜಾಗ. ಕಲ್ಲು ತೆಗೆದು ಕೈಬಿಟ್ಟ ನೆಲಕ್ಕೆ ನಮ್ಮ ಜಿಲ್ಲೆಯಲ್ಲಿ ಬರವೇ?

ಎಲ್ಲಿ ಬೇಡ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಸ್ಕಂದಗಿರಿಗೆ ನಡೆದು ಹೋಗಲೆಂದು ಕೊಡುವ ಚೀಟಿ ಹಿಡಿದು ಸೈಕಲ್ ಏರಿಸುವುದು ಸಲ್ಲ. ಕೆರೆ ಏರಿಯ ಮೇಲೆ ಸುತ್ತು ಹೊಡೆಯಬಾರದು. ಏರಿಯ ಇಳಿಜಾರಿನಲ್ಲಿ ಚಕ್ರ ಕೊರೆದ ಗೆರೆಯನ್ನೇ ಮಳೆನೀರು ಹಿಡಿದುಕೊಳ್ಳುತ್ತದೆ. ಸ್ಫೋಟ ನಡೆಯುವ ಕ್ವಾರಿ, ನೀರು ನಿಂತ ಹೊಂಡದ ಅಂಚು, ಹೆಜ್ಜೇನು ಕಟ್ಟಿದ ಬಂಡೆಯ ಕೆಳಗು, ಇವೂ ಬೇಡ. ಗೋಮಾಳ, ಕಡಿದ ನೀಲಗಿರಿ ತೋಪು, ಹಳೆಯ ಬಂಡಿದಾರಿ ಸಾಕು.

ದಾರಿ ಹಾಳಾಗುವುದು ಚಕ್ರದ ಭಾರಕ್ಕಿಂತ ನೀರಿನಿಂದ. ಇಳಿಜಾರಿಗೆ ನೇರವಾಗಿ ಕೆಳಕ್ಕೆ ಇಳಿಯುವ ಗೆರೆ ಒಂದೇ ಮುಂಗಾರಿಗೆ ಕೊರಕಲಾಗುತ್ತದೆ. ನಮ್ಮಲ್ಲಿ ಬಂಡೆಯ ಮೇಲೆ ತೆಳ್ಳಗೆ ಗರಸು ಕೂತಿರುತ್ತದೆ, ಅದು ಹೋದರೆ ಮತ್ತೆ ಕೂರುವುದಿಲ್ಲ. ಹಾಗಾಗಿ ದಾರಿ ಗುಡ್ಡವನ್ನು ಅಡ್ಡಡ್ಡಲಾಗಿ ಸುತ್ತಬೇಕು. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು, ಒಟ್ಟಾರೆ ಸರಾಸರಿ ಶೇ 10 ದಾಟಬಾರದು. ಅಗಲ ಎರಡು ಎರಡೂವರೆ ಅಡಿ ಸಾಕು. ಮೇಲ್ಮೈ ಕಣಿವೆಯ ಕಡೆಗೆ ಶೇ 5ರಷ್ಟು ವಾಲಿರಬೇಕು, ಮತ್ತು ಹತ್ತು ಹದಿನೈದು ಮೀಟರಿಗೊಮ್ಮೆ ದಾರಿ ಒಂದಿಷ್ಟು ಇಳಿದು ಮತ್ತೆ ಏರಬೇಕು. ಆ ತಗ್ಗಿನಲ್ಲಿ ನೀರು ಹೊರಕ್ಕೆ ಹೋಗುತ್ತದೆ. ಹೊಲದಲ್ಲಿ ಬದು ಹಾಕಿದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೆಸಿಬಿ ಬೇಡವೇ ಬೇಡ, ಅದು ಎಂಟಡಿ ಅಗಲ ಕೆರೆದು ಹೋಗುತ್ತದೆ. ಗುದ್ದಲಿ, ಪಿಕಾಸಿ, ಹಾರೆ ಸಾಕು.

ಮಳೆ ಬಿದ್ದ ಮರುದಿನ ಸೈಕಲ್ ಇಳಿಸಬಹುದೇ? ಹತ್ತು ಹೆಜ್ಜೆ ಉರುಳಿಸಿ ನೋಡಿ. ಟಯರಿಗೆ ಮಣ್ಣು ಮೆತ್ತಿದರೆ, ಅಥವಾ ಗೆರೆ ಹೆಬ್ಬೆರಳ ಉಗುರಿನಷ್ಟು ಆಳ ಬಿದ್ದರೆ ವಾಪಸು ಹೋಗಬೇಕು. ಗರಸು ನೆಲ ಒಂದು ದಿನದಲ್ಲಿ ಆರುತ್ತದೆ, ಕೆರೆ ಅಂಗಳದ ಗೋಡುಮಣ್ಣಿಗೆ ವಾರವೂ ಸಾಲದು. ಇಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಆಮೇಲೆ ಒಣಹುಲ್ಲು, ಬೀಡಿಯಾಗಲಿ ಒಲೆಯಾಗಲಿ ಹತ್ತಿರ ಸುಳಿಯಬಾರದು.

ಇನ್ನು ಪಂಕ್ಚರ್. ಗೆಳೆಯರ ಗುಂಪಿನ ಅರ್ಧ ದಿನವನ್ನು ತಿನ್ನುವುದು ಇದೇ. ನಮ್ಮ ಕಡೆ ಎರಡು ಮುಳ್ಳುಗಳು ಮುಖ್ಯ: ಬಳ್ಳಾರಿ ಜಾಲಿ ಮತ್ತು ನೆಗ್ಗಿಲು. ಜಾಲಿ ಕಣ್ಣಿಗೆ ಬೀಳುತ್ತದೆ. ನೆಗ್ಗಿಲು ಹೊಲದ ಅಂಚಿನ ಬರಡು ನೆಲದಲ್ಲಿ ಹರಡಿಕೊಂಡಿದ್ದು, ಸೈಕಲ್ ನಿಲ್ಲಿಸಿ ಎಳನೀರು ಕುಡಿಯುವ ಹೊತ್ತಿಗೆ ಎರಡೂ ಚಕ್ರಕ್ಕೆ ಕೂತಿರುತ್ತದೆ. ಸೈಕಲ್ಲನ್ನು ಬಂಡೆಯ ಮೇಲೋ ಬರಿನೆಲದಲ್ಲೋ ನಿಲ್ಲಿಸಬೇಕು. ಟ್ಯೂಬು ಬಿಚ್ಚಿದಾಗ ಒಂದೇ ತೂತಿದ್ದರೆ ಮುಳ್ಳು. ಪಕ್ಕಪಕ್ಕ ಎರಡು ಸೀಳಿದ್ದರೆ ಗಾಳಿ ಕಡಿಮೆಯಾಗಿ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿದೆ ಎಂದರ್ಥ. ಹೊಸ ಟ್ಯೂಬು ಹಾಕುವ ಮುಂಚೆ ಟಯರಿನ ಒಳಗೋಡೆಯನ್ನು ಬಟ್ಟೆಯಿಂದ ಸುತ್ತಲೂ ಒರೆಸಿ ನೋಡಬೇಕು. ಅಲ್ಲೇ ಉಳಿದ ಮುರುಕು ಮುಳ್ಳು ಹೊಸ ಟ್ಯೂಬನ್ನೂ ಐದು ನಿಮಿಷದಲ್ಲಿ ತೂತು ಮಾಡುತ್ತದೆ.

ಟ್ಯೂಬ್‌ಲೆಸ್ ಹಾಕಿಸಿದವರಿಗೆ ಈ ತಾಪತ್ರಯ ಬಹಳ ಮಟ್ಟಿಗೆ ತಪ್ಪುತ್ತದೆ. 29 ಇಂಚಿನ ಚಕ್ರಕ್ಕೆ 90ರಿಂದ 120 ಮಿ.ಲೀ. ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ, ಬೇಕು. ನಮ್ಮ ಬೇಸಿಗೆಗೆ ಅದು ಎರಡು ಮೂರು ತಿಂಗಳಲ್ಲೇ ಒಣಗಿ ಹಾಳೆಯಾಗುತ್ತದೆ. ಚಕ್ರ ಅಲ್ಲಾಡಿಸಿದಾಗ ಒಳಗೆ ದ್ರವದ ಸದ್ದು ಬರದಿದ್ದರೆ ಒಣಗಿದೆ ಎಂದೇ ತಿಳಿಯಬೇಕು. ಗಾಳಿ ಎಷ್ಟು ಎಂಬುದಕ್ಕೆ ವಾದ ಬಹಳ. 70 ಕೆ.ಜಿ. ಸವಾರ, 2.3 ಇಂಚಿನ ಟಯರು ಎಂದಾದರೆ ಟ್ಯೂಬ್‌ಲೆಸ್‌ಗೆ ಮುಂದೆ 21, ಹಿಂದೆ 24 ಪಿಎಸ್‌ಐನಿಂದ ಆರಂಭಿಸಿ. ಟ್ಯೂಬ್ ಇದ್ದರೆ 28 ಮತ್ತು 31. ರಸ್ತೆಗೆ ತುಂಬುವ ಹಾಗೆ 50 ತುಂಬಿದರೆ ಗರಸಿನ ಮೇಲೆ ಚಕ್ರ ಕುಪ್ಪಳಿಸುತ್ತದೆ, ತಿರುವಿನಲ್ಲಿ ಹಿಡಿತವಿರುವುದಿಲ್ಲ. ಪೆಟ್ರೋಲ್ ಬಂಕಿನ ಗಾಳಿ ಕೊಳವೆ ತೆಳು ಪ್ರೆಸ್ಟಾ ವಾಲ್ವಿಗೆ ಕೂರದು. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದು ಜೇಬಿನಲ್ಲಿರಲಿ.

ಬ್ರೇಕು ವಿಚಾರ ದಾರಿಗೂ ಸೇರಿದ್ದು. ತಿರುವಿನ ಒಳಗೆ ಹೋಗಿ ಹಿಂದಿನ ಬ್ರೇಕು ಬಿಗಿದರೆ ಚಕ್ರ ಉರುಳುವುದು ನಿಂತು ಗರಸನ್ನು ಉಳುತ್ತದೆ. ಹತ್ತು ಜನ ಹಾಗೆ ಮಾಡಿದರೆ ತಿರುವಿನ ಮುಂಚೆ ತಗ್ಗುದಿಣ್ಣೆ, ತಿರುವಿನಲ್ಲಿ ಗುಂಡಿ. ತಿರುವಿಗೆ ಮುಂಚೆ ನೇರ ದಾರಿಯಲ್ಲೇ ಎರಡೂ ಬ್ರೇಕು ಒಟ್ಟಿಗೆ ಒತ್ತಿ ವೇಗ ಇಳಿಸಿ, ತಿರುವಿನಲ್ಲಿ ಬಿಡಬೇಕು. ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಮುಂದಿನ ಬ್ರೇಕಿಗೆ. ಅದನ್ನು ಮುಟ್ಟಿದರೆ ಪಲ್ಟಿ ಎಂಬ ಹೆದರಿಕೆ ನಮ್ಮಲ್ಲಿ ಬೇರೂರಿದೆ. ಇಳಿಜಾರಿನಲ್ಲಿ ಸೀಟು ಐದಾರು ಸೆಂ.ಮೀ. ಇಳಿಸಿ, ಸೊಂಟ ಹಿಂದಕ್ಕೆ ತಂದು, ಹಿಮ್ಮಡಿ ಕೆಳಗಿಟ್ಟು ಒಂದು ಬೆರಳಲ್ಲಿ ಒತ್ತಿದರೆ ಪಲ್ಟಿಯಾಗುವುದು ಅಪರೂಪ. ಪ್ಯಾಡಿನ ಮಸಾಲೆ ಒಂದು ಮಿ.ಮೀ.ಗಿಂತ ತೆಳ್ಳಗಾದರೆ ಅಂದೇ ಬದಲಿಸಿ. ಲೋಹಕ್ಕೆ ಲೋಹ ಉಜ್ಜಿದರೆ ಡಿಸ್ಕ್ ಕೂಡ ಹೋಯಿತು. ಮಿನರಲ್ ಆಯಿಲ್ ಬ್ರೇಕಿಗೆ ಕಾರು, ಬೈಕಿನ ಡಾಟ್ ಬ್ರೇಕ್ ಎಣ್ಣೆ ಹಾಕುವ ಅಂಗಡಿಗಳಿವೆ, ಹಾಕಿದರೆ ಒಳಗಿನ ಸೀಲುಗಳು ಊದಿ ಕೆಡುತ್ತವೆ.

ಚೈನಿಗೆ ಬೆಳಿಗ್ಗೆ ಎಣ್ಣೆ ಬಿಟ್ಟು ಹೊರಗೆ ಒರೆಸಿಬಿಡಿ. ಒದ್ದೆಯಾಗಿ ಬಿಟ್ಟರೆ ಕೆಂಧೂಳು ಹಿಡಿದು ಹಲ್ಲು ಸವೆಯುತ್ತದೆ. ಗುಂಪಿಗೊಂದು ಚೈನ್ ಒಡೆಯುವ ಸಾಧನ, ತುಂಡಾದ ಚೈನ್ ಜೋಡಿಸುವ ಕ್ವಿಕ್ ಲಿಂಕ್ ಇರಲಿ; ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಮಾತ್ರ ಒಬ್ಬೊಬ್ಬರ ಬಳಿಯೂ ಇರಲಿ. ಬಂಡೆಗೆ ಬಡಿದಾಗ ಫ್ರೇಮಿನ ಬದಲು ತಾನು ಬಾಗುವುದೇ ಹ್ಯಾಂಗರ್‌ನ ಕೆಲಸ. ಅದು ಒಂದೊಂದು ಸೈಕಲ್ಲಿಗೆ ಒಂದೊಂದು ಥರ ಇರುವುದರಿಂದ ಗೆಳೆಯನದು ನಿಮ್ಮದಕ್ಕೆ ಕೂರದು.

ಸುತ್ತುದಾರಿಯ ಲಾಭ ಇಲ್ಲೇ ಇದೆ: ಸಾಮಾನು, ನೀರು, ನೆರಳು ಎಲ್ಲ ಒಂದೇ ಕಡೆ. ಜೋರಾಗಿ ಹೋಗುವವನು ಯಾರಿಗೂ ಕಾಯಬೇಕಿಲ್ಲ, ನಿಧಾನದವನು ಒಂಟಿಯಾಗಿ ಕಾಡಿನಲ್ಲಿ ಉಳಿಯುವುದಿಲ್ಲ. ಮೊದಲ ಸುತ್ತು ಎಲ್ಲರೂ ಒಟ್ಟಿಗೆ, ನಡಿಗೆಗಿಂತ ಸ್ವಲ್ಪ ಜೋರಾಗಿ ಸುತ್ತಬೇಕು. ನಿನ್ನೆ ಇಲ್ಲದ ತಂತಿ ಬೇಲಿ ಇಂದು ದಾರಿಗೆ ಅಡ್ಡ ಇರಬಹುದು. ಎಲ್ಲರೂ ಒಂದೇ ದಿಕ್ಕಿನಲ್ಲಿ, ಒಬ್ಬರ ಹಿಂದೆ ಒಬ್ಬರು ಅರ್ಧ ನಿಮಿಷದ ಅಂತರದಲ್ಲಿ ಹೊರಡಬೇಕು. ಬುಡದಲ್ಲಿ ಕೂತವರು ಯಾರು ಹೋದರು, ಯಾರು ಬಂದರು ಎಂದು ಬರೆದಿಡಲಿ. ಅರ್ಧ ಗಂಟೆಯ ಸುತ್ತಿಗೆ ಮುಕ್ಕಾಲು ಗಂಟೆಯಾದರೂ ಬರದಿದ್ದರೆ ಹುಡುಕಲು ಹೋಗಬೇಕು, ಅದೂ ಸವಾರಿಯ ದಿಕ್ಕಿನಲ್ಲೇ; ಎದುರಿಂದ ಹೋದರೆ ಇಳಿಜಾರಿನಲ್ಲಿ ಡಿಕ್ಕಿ. ಕುರಿಮಂದೆ ಬಂದರೆ ಇಳಿದು ನಿಲ್ಲಿ. ಬೆಲ್ಲು ಹೊಡೆದರೆ ಮಂದೆ ಚೆದುರುತ್ತದೆ, ಕುರಿಯವರಿಗೆ ಅರ್ಧ ದಿನದ ಕೆಲಸ.

ಕೊನೆಯ ಸುತ್ತಿನಲ್ಲೇ ಬೀಳುವುದು ಹೆಚ್ಚು. ಕೈ ಸೋತಿರುತ್ತದೆ, ದಾರಿ ಗೊತ್ತೆಂಬ ಧೈರ್ಯ ಬಂದಿರುತ್ತದೆ. ಮೊದಲ ಸುತ್ತು 28 ನಿಮಿಷ ಹಿಡಿದವರಿಗೆ ನಾಲ್ಕನೆಯದು 35 ಹಿಡಿದರೆ ಅಂದಿಗೆ ಮುಗಿಸುವುದು ಲೇಸು. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಸುತ್ತಿನ ನಡುವೆ ಉಪ್ಪು ಹಾಕಿದ ಮಜ್ಜಿಗೆ, ಬಾಳೆಹಣ್ಣು, ಕಡಲೆಬೀಜದ ಚಿಕ್ಕಿ. ಇಷ್ಟಿದ್ದರೆ ಡಬ್ಬಿಯ ಪುಡಿಗಳ ಖರ್ಚೇಕೆ? ಹೆಲ್ಮೆಟ್ ಮೇಲೆ ಇಎನ್ 1078 ಎಂಬ ಯುರೋಪಿನ ಸುರಕ್ಷತಾ ಗುರುತು ನೋಡಿ ಕೊಳ್ಳಿ. ಒಮ್ಮೆ ಪೆಟ್ಟು ತಿಂದದ್ದನ್ನು ಬಿರುಕು ಕಾಣದಿದ್ದರೂ ಎಸೆಯಿರಿ. ಬಿದ್ದವರಿಗೆ ವಾಂತಿ, ತಲೆಸುತ್ತು, ಕೇಳಿದ್ದನ್ನೇ ಕೇಳುವುದು ಇದ್ದರೆ ಸೈಕಲ್ ಮತ್ತೆ ಹತ್ತಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಿ.

108ಕ್ಕೆ ಕರೆ ಮಾಡಿ "ಬೆಟ್ಟದ ಹಿಂದೆ, ದೊಡ್ಡ ಬಂಡೆ ಹತ್ತಿರ" ಎಂದರೆ ಆಂಬುಲೆನ್ಸ್ ಎಲ್ಲಿಗೆ ಬರಬೇಕು? ಸುತ್ತುದಾರಿ ಗೊತ್ತುಮಾಡಿದರೆ ಅರ್ಧ ಕಿಲೊಮೀಟರಿಗೊಂದು ಕಲ್ಲಿನ ಮೇಲೆ ಸಂಖ್ಯೆ ಬರೆಸಿ, ಗಾಡಿ ಬರುವ ಜಾಗ ಯಾವ ಸಂಖ್ಯೆಯ ಬಳಿ ಎಂದು ಗ್ರಾಮ ಪಂಚಾಯಿತಿಗೂ ಹತ್ತಿರದ ಆರೋಗ್ಯ ಕೇಂದ್ರಕ್ಕೂ ತಿಳಿಸಬಹುದು.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ಕಂದಾಯ ಇಲಾಖೆ, ಗಣಿ ಮತ್ತು ಭೂವಿಜ್ಞಾನ ಇಲಾಖೆ ಒಟ್ಟಿಗೆ ಕೂತು, ಕೈಬಿಟ್ಟ ಕ್ವಾರಿಯ ಸುತ್ತಲಿನ ಸರ್ಕಾರಿ ಜಮೀನು ಒಂದನ್ನು ಆರಿಸಲಿ. ಹೊಂಡಕ್ಕೆ ಬೇಲಿ ಮೊದಲು, ದಾರಿ ಆಮೇಲೆ. ದನ, ಕುರಿ ಮೇಯಿಸುವವರನ್ನು ಕೇಳದೆ ಗೆರೆ ಎಳೆಯಬಾರದು. ಬೇಕಿದ್ದರೆ ಸವಾರಿಗೆ ಶನಿವಾರ, ಭಾನುವಾರ ಬೆಳಿಗ್ಗೆ ಏಳರಿಂದ ಹನ್ನೊಂದು ಎಂದು ಹೊತ್ತು ಗೊತ್ತುಮಾಡಲಿ. ಸರ್ವೆಯನ್ನು ಬೇಸಿಗೆಯಲ್ಲಿ ಮಾಡದೆ ಅಕ್ಟೋಬರ್ ಮಳೆಯಲ್ಲೇ ಕೊಡೆ ಹಿಡಿದು ಮಾಡಿದರೆ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಕಣ್ಣೆದುರೇ ಇರುತ್ತದೆ. ಅಲ್ಲೆಲ್ಲ ಗೂಟ ಹೊಡೆದಿಟ್ಟು, ನವೆಂಬರ್‌ನಲ್ಲಿ ನೆಲ ಇನ್ನೂ ಮೆತ್ತಗಿರುವಾಗ ಗುದ್ದಲಿ ಹಾಕಬಹುದು.

ಇಂತಿ,
ಕೆಲವು ಸೈಕಲ್ ಸವಾರರು, ಚಿಕ್ಕಬಳ್ಳಾಪುರ