ಸುರುಳಿ ಬಿಗಿಯಾದಷ್ಟೂ ಗುರಿ ಕರೆಕ್ಟು ಅನ್ನೋದು ತಪ್ಪು

ಸಂಪಾದಕರೇ,

ಭಾನುವಾರದ ಪುರವಣಿಲಿ ಶೂಟಿಂಗ್ ಬಗ್ಗೆ ಬಂದ ಲೇಖನ ಓದಿ ಖುಷಿ ಆಯ್ತು, ಕ್ರಿಕೆಟ್ ಬಿಟ್ಟು ಬೇರೆ ಆಟಕ್ಕೆ ಅರ್ಧ ಪುಟ ಸಿಗೋದೇ ಅಪರೂಪ. ಆದ್ರೆ ಬಂದೂಕಿನ ಬ್ಯಾರೆಲ್ (ನಳಿಗೆ) ಒಳಗೆ ಕೊರೆದಿರೋ ಸುರುಳಿ ಗೆರೆ ಬಿಗಿಯಾದಷ್ಟೂ ಗುರಿ ಕರೆಕ್ಟಾಗಿರುತ್ತೆ ಅಂತ ಬರೆದಿದ್ದೀರಲ್ಲ, ಅದು ಮಾತ್ರ ಸರಿಯಿಲ್ಲ ಸಾರ್.

ಬುಲೆಟ್ಟು ಬುಗುರಿ ಇದ್ದಂಗೆ. ಗಿಡ್ಡ ಬುಗುರಿ ಮೆಲ್ಲಗೆ ತಿರುಗಿದ್ರೂ ನಿಲ್ಲುತ್ತೆ, ಉದ್ದಂದಕ್ಕೆ ಚಾಟಿ ಜೋರಾಗಿ ಎಳೀಬೇಕು, ಇಲ್ಲಾಂದ್ರೆ ತಲೆ ಆಡಿಸಿಕೊಂಡು ಮಗುಚಿಕೊಳ್ಳುತ್ತೆ. ಬ್ಯಾರೆಲ್ ಒಳಗೆ ಕೊರೆದಿರೋ ಗೆರೆಗಳು ಆ ಚಾಟಿ ಕೆಲಸ ಮಾಡೋದು. 1879ರಲ್ಲೇ ಇಂಗ್ಲೆಂಡಿನ ಗಣಿತಜ್ಞ ಗ್ರೀನ್‌ಹಿಲ್ ಅನ್ನೋರು ಲೆಕ್ಕ ಹಾಕಿಟ್ಟಿದ್ದಾರೆ: ಇಂಚಲ್ಲಿ ಬುಲೆಟ್ ದಪ್ಪವನ್ನ ಅದರಿಂದಲೇ ಗುಣಿಸಿ, 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿದ್ರೆ ಎಷ್ಟು ಇಂಚಿಗೆ ಒಂದು ಸುತ್ತು ಬೇಕು ಅಂತ ಸುಮಾರಾಗಿ ಗೊತ್ತಾಗುತ್ತೆ (ಇಂಚು ಕಮ್ಮಿ ಆದಷ್ಟೂ ಸುರುಳಿ ಬಿಗಿ). ಗಮನಿಸಿ, ತೂಕ ಅಲ್ಲ, ಉದ್ದ.

ನಮ್ಮ ಪಾಯಿಂಟ್ 22 (0.22 ಇಂಚು ದಪ್ಪದ ಬುಲೆಟ್‌ನ) ರೈಫಲ್‌ಗಳಲ್ಲಿ ಸಾಮಾನ್ಯವಾಗಿ 16 ಇಂಚಿಗೆ ಒಂದು ಸುತ್ತು. ನಾನು ಕ್ಲೀನಿಂಗ್ ರಾಡಿಗೆ ಬಿಗಿಯಾಗಿ ಬಟ್ಟೆ ಸುತ್ತಿ, ಮಾರ್ಕರ್‌ನಲ್ಲಿ ಗುರುತು ಹಾಕಿ, ಒಳಗೆ ತಳ್ಳಿ ನೋಡಿದೀನಿ, ಗುರುತು ಒಂದು ರೌಂಡ್ ಹೊಡೆದು ವಾಪಸ್ ಮೇಲೆ ಬರೋಷ್ಟರಲ್ಲಿ ರಾಡು ಹದಿನಾರು ಇಂಚೇ ಒಳಗೆ ಹೋಗಿರುತ್ತೆ. ಕಮ್ಮಿ ಅನ್ಸುತ್ತೆ ಅಲ್ವಾ, ಆದ್ರೆ ಬುಲೆಟ್ಟು ಸೆಕೆಂಡಿಗೆ 330 ಮೀಟರ್ ಹೋಗೋವಾಗ ಅದೇ ಸೆಕೆಂಡಿಗೆ 800 ಸುತ್ತು ಆಗುತ್ತೆ! 40 ಗ್ರೇನಿನ (ಗ್ರೇನ್ ಅಂದ್ರೆ ಬುಲೆಟ್ ತೂಕದ ಅಳತೆ) ಗಿಡ್ಡ ಬುಲೆಟ್‌ಗೆ ಅಷ್ಟು ಸಾಕು. ಒಂದ್ಸಲ ರೇಂಜಲ್ಲಿ ಒಬ್ರು ಅದೇ ರೈಫಲ್‌ಗೆ 60 ಗ್ರೇನಿಂದು ಹಾಕಿದ್ರು, ದಪ್ಪ ಅಷ್ಟೇ ಆದ್ಮೇಲೆ ತೂಕ ಜಾಸ್ತಿ ಅಂದ್ರೆ ಉದ್ದ ಆಗಲೇಬೇಕಲ್ಲ, 50 ಮೀಟರ್ ಆಚೆ ಗುರಿ ಕಾರ್ಡಲ್ಲಿ ದುಂಡಗೆ ತೂತು ಬೀಳೋ ಬದಲು ಬೀಗದ ಕೀಲಿಕಿಂಡಿ ತರ ಉದ್ದುದ್ದಕ್ಕೆ ಹರಿದಿತ್ತು. ಬುಲೆಟ್ಟು ಅಡ್ಡಡ್ಡ ಹೋಗಿ ಬಡಿದಿದೆ ಅಂತ ಅರ್ಥ.

ಹಂಗಂತ ಸುಮ್ಮನೆ ಬಿಗಿ ಮಾಡ್ತಾ ಹೋದ್ರೂ ಲಾಭ ಇಲ್ಲ, ಬುಲೆಟ್ ತಯಾರಿಕೆಲಿ ಕೂದಲೆಳೆಯಷ್ಟು ವಾಲಿಕೆ ಇದ್ರೂ ಜೋರು ತಿರುಗುವಿಕೆ ಅದನ್ನ ಇನ್ನೂ ದೊಡ್ಡದು ಮಾಡುತ್ತೆ. ಅಮೆರಿಕದ ಸೈನ್ಯದ ಎಂ16 ರೈಫಲ್ಲಲ್ಲಿ ಮೊದಲು 14 ಇಂಚಿಗೆ ಒಂದು ಸುತ್ತು ಇತ್ತು, ಚಳಿಲಿ ಗಾಳಿ ದಟ್ಟ ಆದಾಗ ಬುಲೆಟ್ ನಿಲ್ತಿಲ್ಲ ಅಂತ 12 ಮಾಡಿದ್ರು, ಆಮೇಲೆ ಉದ್ದದ ಟ್ರೇಸರ್ (ಉರಿಯುತ್ತಾ ದಾರಿ ತೋರಿಸೋ) ಬುಲೆಟ್ ಬಂದಾಗ 7ಕ್ಕೆ ಇಳಿಸಿದ್ರು. ಅಂದ್ರೆ ಬುಲೆಟ್ ನೋಡಿ ಸುರುಳಿ. ನಮ್ಮ ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಇಲ್ಲಿ ಬುಲೆಟ್‌ಗೆ ಚೆನ್ನೈಗಿಂತ ಸ್ವಲ್ಪ ಆರಾಮು!

ಇನ್ನೊಂದು, ನೀವು ಹಾಕಿರೋ ಫೋಟೋ ಏರ್ ರೈಫಲ್ಲಿಂದು. ಅದರ ಪೆಲೆಟ್ (ಪುಟ್ಟ ಗುಂಡು) ಸೊಂಟ ಸಣ್ಣ, ಹಿಂದೆ ಟೊಳ್ಳು ಲಂಗ. ಒಳಗೆ ಸುರುಳಿ ಅಲ್ಲೂ ಇದೆ, ಆದ್ರೆ ಗಾಳಿಪಟಕ್ಕೆ ಬಾಲಂಗೋಚಿ ಹೆಂಗೋ ಹಂಗೆ ಆ ಲಂಗಾನೂ ಪೆಲೆಟ್‌ನ ನೇರ ಇಡುತ್ತೆ.

– ಒಬ್ಬ ಓದುಗ, ಬಸವನಗುಡಿ, ಬೆಂಗಳೂರು